ತಂತಿ ಕಳಚಿಕೊಂಡ ಬೇಸ್ ಗಿಟಾರ್

ಬಯಲಲ್ಲಿ ನುಡಿಸಿದ ಸಂಗೀತ ದೂರ ಹೋದಂತೆ ಮೊದಲು ಕರಗುವುದು ಹಾಡಿನ ಮಾತು, ಆಮೇಲೆ ಲೀಡ್ ಗಿಟಾರ್. ಗೋಡೆ, ಕಿಟಕಿ ದಾಟಿ ಬರುವುದು ಬೇಸ್‌ನ ಗುಂಯ್‌ಗುಡುವ ದನಿಯೊಂದೇ. ಈ ಲೆಕ್ಕದಲ್ಲಿ ಬೆಂಗಳೂರಿನ ಅರಮನೆ ಮೈದಾನದ ಸುತ್ತಿನ ಸದಾಶಿವನಗರ, ಕುಮಾರ ಪಾರ್ಕ್ ಕಡೆಯವರಿಗೆ ಈ ಶತಮಾನದ ಆರಂಭದಲ್ಲಿ ಘಟಾನುಘಟಿಗಳೇ ನೆರೆಯವರಾಗಿ ಬಂದುಹೋದರು. 2001ರಲ್ಲಿ ಡೀಪ್ ಪರ್ಪಲ್ ತಂಡದ ರೋಜರ್ ಗ್ಲೋವರ್, 2002ರಲ್ಲಿ ಪಿಂಕ್ ಫ್ಲಾಯ್ಡ್ ಬಿಟ್ಟುಬಂದಿದ್ದ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್ ಜೊತೆ ಡ್ಯಾರಿಲ್ ಜೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾದ ರಾಬರ್ಟ್ ಟ್ರುಹಿಯೊ. ಎಲ್ಲರೂ ಬೇಸ್ ಹಿಡಿದವರೇ.

ಅಂಥ ವಿಶಾಲ ವೇದಿಕೆಗಳಲ್ಲಿ ವಾದಕ ಈ ತುದಿಯಿಂದ ಆ ತುದಿಗೆ ಓಡುತ್ತಾನೆ. ಊರಿನ ಹಳೆಯ ವೇದಿಕೆಗಳಿಗೆ ಆ ಪ್ರಮೇಯವೇ ಇರಲಿಲ್ಲ. ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಚಾಮರಾಜಪೇಟೆಯಲ್ಲಿ ಶುರುಮಾಡಿದ ರಾಮನವಮಿ ಸಂಗೀತೋತ್ಸವದಲ್ಲಿ ವಿದ್ವಾಂಸರು ಚಕ್ಕಳಮಕ್ಕಳ ಹಾಕಿ ಕೂತಲ್ಲೇ ಮೂರು ಗಂಟೆ ಹಾಡಿದರು. ಮೈಕಿನ ತಂತಿ ಜಮಖಾನದ ಅಂಚಿನಲ್ಲಿ ತನ್ನ ಪಾಡಿಗೆ ಬಿದ್ದಿತ್ತು.

ಫಜೀತಿ ಶುರುವಾದದ್ದು ನಿಂತು ಕುಣಿಯುವ ಆರ್ಕೆಸ್ಟ್ರಾಗಳ ಕಾಲಕ್ಕೆ. ಗಣೇಶೋತ್ಸವ, ರಾಜ್ಯೋತ್ಸವದ ಪೆಂಡಾಲುಗಳಲ್ಲಿ ಸಿನಿಮಾ ಹಾಡು ಹಾಡಿಸುತ್ತಿದ್ದ ತಂಡಗಳಿಗೆ ಬೇಸ್ ಗಿಟಾರ್ ಬೇಕೇಬೇಕಾಯಿತು. ಇಳಯರಾಜ ಸಂಗೀತದ ‘ಗೀತಾ’ (1981) ಚಿತ್ರದ ಹಾಡುಗಳನ್ನು ಬೇಸ್ ಇಲ್ಲದೆ ನುಡಿಸಿದರೆ ಜನ ಒಪ್ಪುತ್ತಾರೆಯೇ? ಇಕ್ಕಟ್ಟಾದ ಮರದ ಅಟ್ಟಣಿಗೆಯಲ್ಲಿ ಕೀಬೋರ್ಡ್, ರಿದಂ ಪ್ಯಾಡ್, ಮೂರು ನಾಲ್ಕು ಮೈಕು, ಅವುಗಳ ತಂತಿಗಳ ಗೋಜಲು. ಯಾರದೋ ಕಾಲು ತಗುಲಿ ಜ್ಯಾಕ್ ಕಿತ್ತುಬಂದರೆ ಸ್ಪೀಕರಿನಲ್ಲಿ ‘ಟಪ್’ ಎಂದು ಸಿಡಿದು, ಹಾಡು ಬುಡವಿಲ್ಲದಂತಾಗುತ್ತಿತ್ತು. ಅದಕ್ಕೇ ಅನುಭವಸ್ಥರು ತಂತಿಯನ್ನು ಹೆಗಲ ಪಟ್ಟಿಯೊಳಗೆ ಒಂದು ಸುತ್ತು ತೂರಿಸಿ ಆಮೇಲೆ ಗಿಟಾರಿಗೆ ಚುಚ್ಚುತ್ತಿದ್ದರು. ಎಳೆತ ಪಟ್ಟಿಯ ಮೇಲೆ ಬೀಳಲಿ, ಜ್ಯಾಕಿನ ಮೇಲಲ್ಲ ಎಂದು.

ಅರ್ಥಿಂಗ್ ಸರಿಯಿಲ್ಲದ ಕಡೆ ಇದಕ್ಕಿಂತ ದೊಡ್ಡ ಅಪಾಯವಿತ್ತು. ಬೆರಳು ಗಿಟಾರಿನ ಲೋಹದ ತಂತಿಗಳ ಮೇಲಿರುವಾಗ ತುಟಿ ಮೈಕಿಗೆ ತಾಗಿದರೆ ಶಾಕ್. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ಶಾಕ್ ಹೊಡೆದು ತೀರಿಕೊಂಡ. 1976ರ ಡಿಸೆಂಬರಿನಲ್ಲಿ ಅಮೆರಿಕದ ಲೇಕ್‌ಲ್ಯಾಂಡ್‌ನಲ್ಲಿ ‘ಕಿಸ್’ ತಂಡದ ಏಸ್ ಫ್ರೇಲಿ ಕೂದಲೆಳೆಯಲ್ಲಿ ಬದುಕಿದ. ಅದಾದ ಮೇಲೆ ಆ ತಂಡ ಕೆನ್ ಶಾಫರ್ ರೂಪಿಸಿದ್ದ ವೈರ್‌ಲೆಸ್ ಸಾಧನಕ್ಕೆ ಬದಲಾಯಿತು. ಗಿಟಾರಿನ ದನಿಯನ್ನು ಪುಟ್ಟ ಟ್ರಾನ್ಸ್‌ಮಿಟರ್ ರೇಡಿಯೊ ಅಲೆಯಾಗಿ ಬಿಡುತ್ತದೆ. ಎರಡು ಆಂಟೆನಾಗಳಲ್ಲಿ ಯಾವುದಕ್ಕೆ ಅಲೆ ಚೆನ್ನಾಗಿ ಸಿಕ್ಕಿತೋ ಅದನ್ನು ರಿಸೀವರ್ ಆರಿಸಿಕೊಳ್ಳುತ್ತದೆ.

ಬೇಸ್‌ಗೆ ಇದು ಸುಲಭವಾಗಿ ಒಗ್ಗಲಿಲ್ಲ. ನಾಲ್ಕು ತಂತಿಯ ಬೇಸ್‌ನ ಅತಿ ತಗ್ಗಿನ ಸ್ವರ ಸುಮಾರು 41 ಹರ್ಟ್ಸ್, ಐದು ತಂತಿಯದಾದರೆ 31. ಮಾತು, ಹಾಡಿಗೆಂದು ಮಾಡಿದ ವೈರ್‌ಲೆಸ್‌ಗಳು ಅಷ್ಟು ಕೆಳಗಿಳಿಯುವಾಗ ಸೊರಗುತ್ತಿದ್ದವು. ಅನಲಾಗ್ ಸಾಧನಗಳಲ್ಲಿ ದನಿಯನ್ನು ಅದುಮಿ ಕಳಿಸಿ ಆಚೆ ಮತ್ತೆ ಅರಳಿಸುವ ಏರ್ಪಾಡು ಬೇಸ್‌ನ ಏಟಿನ ಮೊನೆಯನ್ನೇ ಮೊಂಡು ಮಾಡುತ್ತಿತ್ತು.

ನಮ್ಮಲ್ಲಿ ಕಾನೂನಿನ ತೊಡಕೂ ಇತ್ತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ನಡೆಸಿದ ನಾಡಿದು. ಆದರೆ 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆಗಳ ಪ್ರಕಾರ ಪರವಾನಗಿ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ತಪ್ಪಾಗಿತ್ತು. ಮನೆಯ ರೇಡಿಯೊಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುವ ಪದ್ಧತಿ 1980ರ ದಶಕದವರೆಗೂ ಇತ್ತು. 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಮುಕ್ತ ಮಾಡಿದ ಮೇಲೆ, ಅದೇ ಪಟ್ಟಿಯಲ್ಲಿ ಕೆಲಸ ಮಾಡುವ ಡಿಜಿಟಲ್ ವೈರ್‌ಲೆಸ್‌ಗೆ ದಾರಿ ಸುಗಮವಾಯಿತು. ಅದುಮುವ ಅರಳಿಸುವ ಗೊಡವೆಯೂ ತಪ್ಪಿತು.

ಇದೇ ಹೊತ್ತಿಗೆ ಬೆಂಗಳೂರಿನ ಸ್ವಂತ ತಂಡಗಳೂ ಬೆಳೆದಿದ್ದವು. 1996ರಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಇಂಗ್ಲಿಷಿನಲ್ಲಿ ಹಾಡಿತು. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಬೇಸ್, ಡ್ರಮ್‌ಗಳ ಮೇಲೆ ಕೂರಿಸಿ ಊರೂರಿಗೆ ಒಯ್ದರು.

ಇಂಥ ತಂಡಗಳ ಬೇಸ್ ವಾದಕನಿಗೆ ವೈರ್‌ಲೆಸ್‌ನ ದೊಡ್ಡ ಲಾಭ ಕುಣಿತವಲ್ಲ, ಸೌಂಡ್‌ಚೆಕ್. ತಗ್ಗಿನ ದನಿ ವೇದಿಕೆಯ ಮೇಲೊಂದು ತೆರ, ಜನ ಕೂರುವಲ್ಲಿ ಇನ್ನೊಂದು ತೆರ. ಆತ ನುಡಿಸುತ್ತಲೇ ಮೆಟ್ಟಿಲಿಳಿದು, ಮಿಕ್ಸಿಂಗ್ ಮೇಜಿನ ಪಕ್ಕ ನಿಂತು, ತನ್ನ ದನಿ ಎಲ್ಲಿ ಗವ್ವೆನ್ನುತ್ತಿದೆ ಎಂದು ತಾನೇ ಕೇಳಿ ಇಂಜಿನಿಯರಿಗೆ ಹೇಳಬಹುದು. ಆದರೆ ಆಗ ಮೈದಾನ ಖಾಲಿ. ಸಂಜೆ ಸಾವಿರಾರು ಮೊಬೈಲ್‌ಗಳು ಬಂದು ಸೇರಿದರೆ ಅವುಗಳ ವೈ-ಫೈ, ಬ್ಲೂಟೂತ್ ಕೂಡ ಅದೇ 2.4 ಗಿಗಾಹರ್ಟ್ಸ್‌ನಲ್ಲೇ ನುಗ್ಗಾಡುತ್ತವೆ. ಹಾಗಾಗಿ ಸಂಜೆ ರಿಸೀವರನ್ನು ವಾದಕನ ಕಣ್ಣೆದುರಿಗೇ ಹತ್ತಿರ ಇಡುವುದು, ಟ್ರಾನ್ಸ್‌ಮಿಟರಿಗೆ ಹೊಸ ಬ್ಯಾಟರಿ ಹಾಕುವುದು, ಆಂಪ್ಲಿಫೈಯರ್ ಮೇಲೆ ಇಪ್ಪತ್ತು ಅಡಿಯ ಕೇಬಲ್ ಒಂದನ್ನು ಸುತ್ತಿ ಸಿದ್ಧವಿಡುವುದು ವಾಡಿಕೆ.