ಬಿಸಿಲೂ ಗುಳಿಗೆಯೂ

ಬಿಸಿಲಿಗೆ ನಮ್ಮ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಬರವಿಲ್ಲ. ಹತ್ತಿ ಬಿಡಿಸುವವರು, ರಾಗಿ ಒಕ್ಕುವವರು ಅದನ್ನು ಬೆನ್ನ ಮೇಲೆ ಹೊತ್ತೇ ಬದುಕಿದವರು. ಆದರೂ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದ ಮೇಲೆ ಹ್ಯಾಂಡ್‌ಪೋಸ್ಟಿನ ಮನೆಗಳಿಗೆ ಬಿಸಿಲು ಗುಳಿಗೆಯ ರೂಪದಲ್ಲಿ ಬಂತು. ಜಿಂಕ್, ವಿಟಮಿನ್ ಸಿ, ಜೊತೆಗೆ ವಿಟಮಿನ್ ಡಿ. ಒಬ್ಬರಿಗೆ ಬರೆದುಕೊಟ್ಟ ಚೀಟಿ ಫೋನಿನಲ್ಲಿ ಹತ್ತು ಮನೆ ಸುತ್ತುತ್ತಿತ್ತು.

ಈ ವಿಟಮಿನ್ನಿನ ಕಥೆ ಶುರುವಾದದ್ದು ಬಿಸಿಲು ಕಾಣದ ಊರುಗಳಲ್ಲಿ. ಇಂಗ್ಲೆಂಡಿನ ಕಾರ್ಖಾನೆ ಪಟ್ಟಣಗಳ ಹೊಗೆಯಲ್ಲಿ ಬೆಳೆದ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುತ್ತಿದ್ದವು. ಅದೇ ರಿಕೆಟ್ಸ್. ಕಾಡ್ ಮೀನಿನ ಎಣ್ಣೆ ಅದನ್ನು ತಡೆಯುತ್ತದೆಂದು ಎಡ್ವರ್ಡ್ ಮೆಲನ್‌ಬಿ 1919ರ ಸುಮಾರಿಗೆ ನಾಯಿಮರಿಗಳ ಮೇಲೆ ಪ್ರಯೋಗಿಸಿ ತೋರಿಸಿದರು. ಎರಡನೇ ಮಹಾಯುದ್ಧದ ಕಾಲಕ್ಕೆ ಬ್ರಿಟನ್ ಸರ್ಕಾರ ಮಕ್ಕಳ ಹಾಲಿನ ಪುಡಿಗೂ ಡಿ ಬೆರೆಸಿತು. ಮೇಲೆ ಮೀನೆಣ್ಣೆ ಬೇರೆ. 1950ರ ದಶಕದ ಆರಂಭದಲ್ಲಿ ಕೆಲವು ಕೂಸುಗಳು ಕುಡಿದದ್ದನ್ನೆಲ್ಲ ಕಕ್ಕತೊಡಗಿದವು, ಬಡವಾದವು. ರಕ್ತದಲ್ಲಿ ಸುಣ್ಣದಂಶ ಏರಿತ್ತು. ಡಿ ಅತಿಯಾಯಿತೆಂಬ ಅನುಮಾನದಿಂದ ಸರ್ಕಾರ 1957ರಲ್ಲಿ ಅದರ ಪ್ರಮಾಣ ಇಳಿಸಿತು.

ಬಿಸಿಲಿನಿಂದ ಹೀಗಾಗುವುದಿಲ್ಲ. ಚರ್ಮದಲ್ಲಿ ಹೆಚ್ಚಾಗಿ ಹುಟ್ಟಿದ್ದನ್ನು ಆ ಬಿಸಿಲೇ ಒಡೆದುಹಾಕುತ್ತದೆ. ಗುಳಿಗೆಗೆ ಆ ತಡೆಯಿಲ್ಲ. ಮಿಕ್ಕ ವಿಟಮಿನ್ ಸಿ ಮೂತ್ರದಲ್ಲಿ ಹೋದೀತು. ಡಿ ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ.

ಲೆಕ್ಕ ನೋಡಿ. ಐಸಿಎಂಆರ್ 2020ರಲ್ಲಿ ಹೇಳಿದ್ದು ದಿನಕ್ಕೆ 600 ಯೂನಿಟ್. ಅಂಗಡಿಯ ಗುಳಿಗೆ 60,000. ಕೊರತೆಯಿರುವವರಿಗೆ ವಾರಕ್ಕೊಂದರಂತೆ ಕೆಲವು ವಾರ ಕೊಡುವಂಥದು. ನಮ್ಮ ಬೀದಿಯ ಅಜ್ಜಿಯೊಬ್ಬರು ಅದನ್ನು ಬಿ.ಪಿ. ಮಾತ್ರೆಯ ಜೊತೆ ದಿನಾ ನುಂಗಿದರು. ನೂರು ದಿನದ ಪಾಲು ಒಂದೇ ದಿನಕ್ಕೆ! ಮೂರು ತಿಂಗಳಲ್ಲಿ ವಾಂತಿ, ತೀರದ ಬಾಯಾರಿಕೆ, ಮಂಕು. "ಕೊರೋನಾನೇ ಬಂತೇನೋ ಟೀಚರ್" ಎಂದು ಸೊಸೆ ಅತ್ತಳು. ಮೈಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಅದೇ ಸುಣ್ಣದಂಶ, ಜೊತೆಗೆ ಸೊರಗಿದ ಮೂತ್ರಪಿಂಡ. ಗುಳಿಗೆ ನಿಲ್ಲಿಸಿ ಡ್ರಿಪ್ ಹಾಕಿದರು. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದವು.

ಇಷ್ಟಾಗಿ, ಡಿ ಕೊರೋನಾವನ್ನು ತಡೆಯಿತೆ? ನಾರ್ವೆಯಲ್ಲಿ 34,000ಕ್ಕೂ ಹೆಚ್ಚು ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಆ ಹಳೆಯ ಮೀನೆಣ್ಣೆಯನ್ನೇ ಚಳಿಗಾಲವಿಡೀ ಕೊಟ್ಟು ನೋಡಿದರು. 2022ರಲ್ಲಿ ಬಂದ ವರದಿಯ ಪ್ರಕಾರ ಪ್ರಯೋಜನವೇನೂ ಕಾಣಲಿಲ್ಲ.

ಹಾಗೆಂದು ಕೊರತೆ ಸುಳ್ಳಲ್ಲ. ಶಾಲೆ, ಆಫೀಸು, ಅಡುಗೆಮನೆಗಳಲ್ಲೇ ಹಗಲು ಕಳೆಯುವ ನಮಗೆ, ಕಪ್ಪಾಗುತ್ತೇವೆಂದು ಕೊಡೆ ಬಿಚ್ಚುವ ನಮಗೆ, ಅದು ನಿಜವೇ. ಕೂಸನ್ನು ಎಳೆಬಿಸಿಲಿಗೆ ಹಿಡಿಯುವುದು ನಮ್ಮ ರೂಢಿ. ಆದರೆ ಡಿ ಹುಟ್ಟಿಸುವ ಕಿರಣಗಳು ಹೆಚ್ಚಿರುವುದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ನಾವು ನೆರಳು ಹುಡುಕುವ ಹೊತ್ತಿನಲ್ಲಿ.