ಒಂದು ಲವಣಸರೋವರದ ನಾಮಧೇಯ

ದಕ್ಷಿಣ ಆಸ್ಟ್ರೇಲಿಯದ ಮರುಭೂಮಿಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರು ತಗ್ಗಾಗಿರುವ ಒಂದು ಲವಣಪ್ರದೇಶವನ್ನು ಅಲ್ಲಿಯ ಮೂಲನಿವಾಸಿಗಳಾದ ಅರಬನ ಜನರು ‘ಕಾಟಿ ತಂಡಾ’ ಎಂದು ಕರೆಯುವರು. ಇದನ್ನು ಸರೋವರವೆನ್ನುವುದು ಬಹುಮಟ್ಟಿಗೆ ಉಪಚಾರದ ಮಾತು. ದೂರದ ಕ್ವೀನ್ಸ್‌ಲೆಂಡಿನಲ್ಲಿ ಮಳೆ ಸುರಿದು ನದಿಗಳು ಉಕ್ಕಿ ಬಂದಾಗಲೇ ಇಲ್ಲಿ ನೀರು, ಉಳಿದಂತೆ ಬರಿಯ ಉಪ್ಪು.

1840ರಲ್ಲಿ ಎಡ್ವರ್ಡ್ ಜಾನ್ ಐರ್ ಎಂಬ ಆಂಗ್ಲ ಅನ್ವೇಷಕನು ಇದರ ಅಂಚನ್ನು ಕಂಡನು. ಕಂಡನೇ ಹೊರತು ಅರಿಯಲಿಲ್ಲ. ಟಾರೆನ್ಸ್ ಎಂಬ ಒಂದೇ ಸರೋವರವು ಕುದುರೆಯ ಲಾಳದಂತೆ ಬಳಸಿಕೊಂಡು ತನ್ನ ಮಾರ್ಗವನ್ನು ತಡೆದಿರುವುದೆಂದು ಭ್ರಮಿಸಿದನು. 1858ರ ಅನ್ವೇಷಣೆಗಳಿಂದ ಆ ಭ್ರಮೆಯು ನಿರಸ್ತವಾಯಿತು. ಆದರೂ 1860ರಲ್ಲಿ ಸರೋವರಕ್ಕೆ ಸಂದದ್ದು ಐರನ ಹೆಸರೇ! ಹಗ್ಗವನ್ನು ಹಾವೆಂದು ಭ್ರಮಿಸಿದವನ ಹೆಸರನ್ನೇ ಹಗ್ಗಕ್ಕೆ ಇಟ್ಟಂತಾಯಿತು.

1985ರಲ್ಲಿ ಇದು ರಾಷ್ಟ್ರೀಯೋದ್ಯಾನವಾದಾಗಲೂ ಆ ಹೆಸರೇ ನಿಂತಿತು. 2012ರ ಮೇ ತಿಂಗಳಲ್ಲಿ ಫೆಡರಲ್ ನ್ಯಾಯಾಲಯವು ಈ ಸೀಮೆಯಲ್ಲಿ ಅರಬನರ ಮೂಲಸ್ವತ್ವವನ್ನು ಅಂಗೀಕರಿಸಿತು. ಅದೇ ಡಿಸೆಂಬರಿನಲ್ಲಿ ಸರೋವರಕ್ಕೆ ‘ಕಾಟಿ ತಂಡಾ–ಲೇಕ್ ಐರ್’ ಎಂಬ ಜೋಡಿ ಹೆಸರು ಬಂದಿತು. ದ್ವಂದ್ವಸಮಾಸದಲ್ಲಿ ಪೂಜ್ಯವಾದುದು ಮೊದಲು ನಿಲ್ಲಬೇಕೆಂಬ ವೈಯಾಕರಣರ ವಿಧಿಯು ಇಲ್ಲಿ ತಾನಾಗಿಯೇ ಪಾಲಿತವಾಗಿರುವುದು. ಉದ್ಯಾನದ ಆಡಳಿತವನ್ನು ಈಗ ಸರ್ಕಾರದೊಡನೆ ಅರಬನರೂ ನಡೆಸುವರು. ತಮಗೆ ಪವಿತ್ರವಾದ ಆ ಸರೋವರತಲದ ಮೇಲೆ ಯಾತ್ರಿಕರು ಕಾಲಿಡಬಾರದೆಂದು ಅವರು ಬಹುಕಾಲದಿಂದ ಕೇಳುತ್ತಿದ್ದ ಮಾತು ಉದ್ಯಾನದ ನಿಯಮಗಳಲ್ಲಿ ಸೇರಿರುವುದು.