ಸ್ಥೂಲವೂ ಸೂಕ್ಷ್ಮವೂ: ಪ್ರಾಚೀನ ಗಣಿತದಲ್ಲಿ ಘನಫಲದ ಲೆಕ್ಕ

ಅಗೆದ ಹಳ್ಳ, ಒಟ್ಟಿದ ಇಟ್ಟಿಗೆ, ಕೊಯ್ದ ಮರ, ಕಣದಲ್ಲಿ ಸುರಿದ ಧಾನ್ಯ - ಈ ನಾಲ್ಕನ್ನೂ ಅಳೆಯುವ ಲೆಕ್ಕಗಳಿಗೆ ನಮ್ಮ ಪ್ರಾಚೀನ ಗಣಿತಗ್ರಂಥಗಳಲ್ಲಿ ಖಾತ, ಚಿತಿ, ಕ್ರಕಚ, ರಾಶಿ ಎಂಬ ನಾಲ್ಕು ‘ವ್ಯವಹಾರ’ಗಳ ಹೆಸರುಗಳಿವೆ. ಉದ್ದ, ಅಗಲ, ಆಳಗಳುಳ್ಳ ವಸ್ತುವಿನ ಘನಫಲವನ್ನೂ ಅದರ ಮೇಲ್ಮೈಯ ಅಳತೆಯಾದ ಪೃಷ್ಠಫಲವನ್ನೂ ಕುರಿತ ಶಾಸ್ತ್ರವು ನಮ್ಮಲ್ಲಿ ಬಹುಮಟ್ಟಿಗೆ ಈ ಶೀರ್ಷಿಕೆಗಳ ಕೆಳಗೆಯೇ ಬೆಳೆದುಬಂದಿತು. ವ್ಯವಹಾರವೆಂಬ ಮಾತೇ ಸೂಚಿಸುವಂತೆ ಇಲ್ಲಿ ಎರಡು ಪಕ್ಷಗಳಿರುತ್ತವೆ. ಒಬ್ಬನು ಅಗೆಯುವವನು, ಇನ್ನೊಬ್ಬನು ಕೂಲಿ ಕೊಡುವವನು. ಒಬ್ಬನು ಬೆಳೆದವನು, ಇನ್ನೊಬ್ಬನು ಪಾಲು ಕೇಳುವವನು. ಆದುದರಿಂದ ಲೆಕ್ಕದಲ್ಲಿ ಉಳಿದ ದೋಷವು ಕೇವಲ ಶಾಸ್ತ್ರದ ದೋಷವಾಗಿ ನಿಲ್ಲದೆ, ಯಾರಾದರೊಬ್ಬರ ನಷ್ಟವಾಗಿಯೂ ಪರಿಣಮಿಸುತ್ತದೆ.

ಪ್ರಾಚೀನ ಭಾರತೀಯ ಗಣಿತವನ್ನು ಕುರಿತು ಬರೆಯುವವರಲ್ಲಿ ಎರಡು ಬಗೆಯ ಅತಿರೇಕಗಳು ಕಂಡುಬರುತ್ತವೆ. ಎಲ್ಲವನ್ನೂ ನಮ್ಮ ಪೂರ್ವಿಕರು ಮೊದಲೇ ಬಲ್ಲವರಾಗಿದ್ದರೆಂಬುದು ಒಂದು. ಅವರಲ್ಲಿದ್ದುದು ಬರಿಯ ಸೂತ್ರಗಳ ಬಾಯಿಪಾಠವೇ ಹೊರತು ಶಾಸ್ತ್ರವಲ್ಲವೆಂಬುದು ಇನ್ನೊಂದು. ಘನಫಲದ ಇತಿಹಾಸವು ಈ ಎರಡು ಅಭಿಪ್ರಾಯಗಳನ್ನೂ ಸಮರ್ಥಿಸುವುದಿಲ್ಲ. ತಪ್ಪು ಸೂತ್ರಗಳು ನಮ್ಮಲ್ಲಿದ್ದವು. ಅವನ್ನು ತಪ್ಪೆಂದು ಹೇಳಿ ತಿದ್ದಿದವರೂ ನಮ್ಮಲ್ಲಿದ್ದರು. ಈ ತಿದ್ದುಪಡಿಯ ಪರಂಪರೆಯೇ ನಮ್ಮ ನಿಜವಾದ ಆಸ್ತಿಯೆಂಬುದನ್ನು ಪ್ರಕೃತ ಲೇಖನದಲ್ಲಿ ಕೆಲವು ನಿದರ್ಶನಗಳಿಂದ ತೋರಿಸಲು ಯತ್ನಿಸಿದೆ.

೧. ಸಾದೃಶ್ಯದ ಮೋಸ

ಕ್ರಿ.ಶ. ೪೯೯ರ ಸುಮಾರಿಗೆ ರಚಿತವಾದ ಆರ್ಯಭಟೀಯದ ಗಣಿತಪಾದದಲ್ಲಿ ಘನಾಕೃತಿಗಳಿಗೆ ಸಂಬಂಧಿಸಿದ ಎರಡು ಸೂತ್ರಗಳಿವೆ. ತ್ರಿಕೋಣದ ತಳದ ಮೇಲೆ ನಿಂತು ಮೇಲೆ ಮೊನೆಯಾಗುವ ಆಕೃತಿಯ ಘನಫಲವು ತಳದ ಕ್ಷೇತ್ರಫಲವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡಿದಷ್ಟೆಂಬುದು ಮೊದಲನೆಯದು. ವೃತ್ತದ ಕ್ಷೇತ್ರಫಲವನ್ನು ಅದರ ವರ್ಗಮೂಲದಿಂದ ಗುಣಿಸಿದರೆ ಗೋಳದ ಘನಫಲ ದೊರೆಯುವುದೆಂಬುದು ಎರಡನೆಯದು. ಈ ಎರಡನೆಯ ಫಲವನ್ನು ಆರ್ಯಭಟನು ‘ನಿರವಶೇಷ’, ಅಂದರೆ ಏನನ್ನೂ ಉಳಿಸದ ಪೂರ್ಣಫಲವೆಂದು ಕರೆದಿದ್ದಾನೆ. ಸಾಂಪ್ರದಾಯಿಕ ವ್ಯಾಖ್ಯಾನದಂತೆ ಓದಿದರೆ ಎರಡೂ ಸರಿಯಲ್ಲ. ಮೊದಲನೆಯದರಲ್ಲಿ ಅರ್ಧದ ಸ್ಥಾನದಲ್ಲಿ ಮೂರನೆಯ ಒಂದು ಪಾಲು ಇರಬೇಕಾಗಿತ್ತು. ಎರಡನೆಯದು ನಿಜವಾದ ಫಲಕ್ಕಿಂತ ನೂರಕ್ಕೆ ಸುಮಾರು ೩೩ರಷ್ಟು ಹೆಚ್ಚನ್ನು ಕೊಡುತ್ತದೆ.

ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವನ್ನು ೩.೧೪೧೬ ಎಂದು ನಿರ್ಣಯಿಸಿದ ಪ್ರತಿಭಾಶಾಲಿಯಿಂದ ಇಂತಹ ಸ್ಖಲನ ಹೇಗಾಯಿತು? ಸೂತ್ರಗಳ ರೂಪವನ್ನು ಪರಿಶೀಲಿಸಿದರೆ ಒಂದು ಕಾರಣ ಊಹೆಗೆ ಬರುತ್ತದೆ. ಸಮತಲದ ತ್ರಿಕೋಣದಲ್ಲಿ ತಳವನ್ನು ಎತ್ತರದಿಂದ ಗುಣಿಸಿ ಅರ್ಧ ಮಾಡುವುದು ಸರಿಯಾದ ಕ್ರಮ. ಅದೇ ಅರ್ಧವು ಘನಾಕೃತಿಗೂ ಹರಿದುಬಂದಂತೆ ತೋರುತ್ತದೆ. ಚೌಕದ ಕ್ಷೇತ್ರಫಲವನ್ನು ಅದರ ವರ್ಗಮೂಲದಿಂದ, ಎಂದರೆ ಬಾಹುವಿನಿಂದ, ಗುಣಿಸಿದರೆ ಘನವಾಗುತ್ತದೆ. ಚೌಕಕ್ಕೆ ಘನವು ಹೇಗೋ ವೃತ್ತಕ್ಕೆ ಗೋಳವು ಹಾಗೆ ಎಂಬ ಸಾದೃಶ್ಯವು ಎರಡನೆಯ ಸೂತ್ರದ ಹಿಂದೆ ಇದ್ದಿರಬಹುದು. ಸಾದೃಶ್ಯವು ಶೋಧಕ್ಕೆ ದಾರಿ ತೋರಬಲ್ಲುದು; ಆದರೆ ಪ್ರಮಾಣದ ಸ್ಥಾನವನ್ನು ಅದು ಆಕ್ರಮಿಸಲಾರದು.

ಮೊನೆಯಾಕೃತಿಯ ವಿಷಯದಲ್ಲಿ ತಿದ್ದುಪಡಿಯು ಬಹುಬೇಗ ಬಂದಿತು. ಕ್ರಿ.ಶ. ೬೨೮ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ಬರೆದ ಬ್ರಹ್ಮಗುಪ್ತನು, ತಳದ ಫಲವನ್ನು ಆಳದಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಸೂಚಿಯ, ಎಂದರೆ ಸೂಜಿಯಂತೆ ಮೊನೆಯಾದ ಆಕೃತಿಯ, ಫಲವಾಗುವುದೆಂದು ಸ್ಪಷ್ಟವಾಗಿ ಹೇಳಿದನು. ಗೋಳವು ಮಾತ್ರ ಇನ್ನೂ ಐದು ಶತಮಾನಗಳ ಕಾಲ ಕಾಯಬೇಕಾಯಿತು.

೨. ಹಳ್ಳದ ಲೆಕ್ಕ: ಮಹಾವೀರಾಚಾರ್ಯ

ಈ ನಡುಗಾಲದಲ್ಲಿ ಕನ್ನಡನಾಡಿಗೆ ನೇರವಾಗಿ ಸಂಬಂಧಿಸಿದ ಗ್ರಂಥವೊಂದು ಹುಟ್ಟಿತು. ಅದು ಒಂಬತ್ತನೆಯ ಶತಮಾನದಲ್ಲಿ ಜೈನಗಣಿತಜ್ಞನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹ. ಗ್ರಂಥಾರಂಭದಲ್ಲಿ ಅವನು ಸ್ತುತಿಸುವ ದೊರೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ. ಕವಿರಾಜಮಾರ್ಗದ ಮೂಲಕ ಕನ್ನಡಿಗರೆಲ್ಲರಿಗೂ ಪರಿಚಿತನಾದ ಹೆಸರು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ೧೯೧೨ರಲ್ಲಿ ಮದರಾಸಿನಲ್ಲಿ ಪ್ರೊ. ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಇದನ್ನು ಸಂಪಾದಿಸಿ ಪ್ರಕಟಿಸಿದಾಗ ಕನ್ನಡ ಲಿಪಿಯ ಹಸ್ತಪ್ರತಿಗಳು ಅವರಿಗೆ ನೆರವಾದುವು. ೨೦೦೦ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿದೆ.

ಈ ಗ್ರಂಥದ ಎಂಟನೆಯ ಅಧಿಕಾರವೇ ಖಾತವ್ಯವಹಾರ. ಬಾವಿ, ಕೆರೆ, ಕಲ್ಯಾಣಿಗಳ ಗೋಡೆಗಳು ನೆಟ್ಟಗೆ ಇಳಿಯುವುದಿಲ್ಲ. ಮೇಲೆ ಅಗಲವಾಗಿ ಕೆಳಗೆ ಕಿರಿದಾಗುತ್ತವೆ. ಇಂತಹ ಹಳ್ಳದಿಂದ ತೆಗೆದ ಮಣ್ಣೆಷ್ಟು? ಮಹಾವೀರನು ಮೂರು ಫಲಗಳನ್ನು ಹೇಳುತ್ತಾನೆ. ಮೇಲಿನ ಮತ್ತು ಕೆಳಗಿನ ಬಾಹುಗಳ ಸರಾಸರಿಯನ್ನು ಹಿಡಿದು ಲೆಕ್ಕಮಾಡಿದುದು ಕರ್ಮಾಂತಿಕ ಫಲ. ಮೇಲಿನ ಮತ್ತು ಕೆಳಗಿನ ಕ್ಷೇತ್ರಫಲಗಳ ಸರಾಸರಿಯನ್ನು ಆಳದಿಂದ ಗುಣಿಸಿದುದು ಔಂಡ್ರ ಫಲ. ಈ ಎರಡರ ಅಂತರದ ಮೂರನೆಯ ಒಂದು ಪಾಲನ್ನು ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲ.

ಒಂದು ಉದಾಹರಣೆಯಿಂದ ಇದನ್ನು ಪರೀಕ್ಷಿಸೋಣ. ಮೇಲೆ ೨೦ ಮೊಳ, ಕೆಳಗೆ ೮ ಮೊಳ ಬಾಹುವುಳ್ಳ ಚೌಕದ ಹಳ್ಳ. ಆಳ ೯ ಮೊಳ. ಬಾಹುಗಳ ಸರಾಸರಿ ೧೪. ಅದರ ವರ್ಗ ೧೯೬. ಆಳದಿಂದ ಗುಣಿಸಲು ಕರ್ಮಾಂತಿಕ ಫಲ ೧೭೬೪ ಘನಮೊಳ. ಮೇಲಿನ ಕ್ಷೇತ್ರಫಲ ೪೦೦, ಕೆಳಗಿನದು ೬೪, ಸರಾಸರಿ ೨೩೨. ಆಳದಿಂದ ಗುಣಿಸಲು ಔಂಡ್ರ ಫಲ ೨೦೮೮. ಅಂತರ ೩೨೪, ಅದರ ಮೂರನೆಯ ಒಂದು ಪಾಲು ೧೦೮, ಸೂಕ್ಷ್ಮಫಲ ೧೮೭೨. ಇಂದಿನ ಶಾಲಾಗಣಿತದ ಸೂತ್ರವೂ ಇದೇ ೧೮೭೨ನ್ನು ಕೊಡುತ್ತದೆ. ಘನಮೊಳಕ್ಕೆ ಇಷ್ಟೆಂದು ಕೂಲಿ ಗೊತ್ತಾಗಿದ್ದರೆ, ಕರ್ಮಾಂತಿಕದ ಲೆಕ್ಕದಲ್ಲಿ ಅಗೆದವನಿಗೆ ೧೦೮ ಘನಮೊಳಗಳ ಕೂಲಿ ಖೋತಾ. ಔಂಡ್ರದ ಲೆಕ್ಕದಲ್ಲಿ ಕೂಲಿ ಕೊಡುವವನಿಗೆ ೨೧೬ ಘನಮೊಳಗಳ ಹೊರೆ. ಸತ್ಯವು ಎರಡರ ಮಧ್ಯಬಿಂದುವಿನಲ್ಲಿಯೂ ಇಲ್ಲ. ಆದುದರಿಂದ ವ್ಯತ್ಯಾಸವನ್ನು ಸಮವಾಗಿ ಹಂಚಿಕೊಂಡು ರಾಜಿ ಮಾಡಿಕೊಂಡರೂ ನ್ಯಾಯವಾಗುವುದಿಲ್ಲ.

ಈ ತಿದ್ದುಪಡಿಯ ಕ್ರಮವು ಬ್ರಹ್ಮಗುಪ್ತನಲ್ಲಿಯೂ ಇದೆ. ಗಮನಿಸಬೇಕಾದುದೆಂದರೆ, ಸೂಕ್ಷ್ಮಫಲವು ತಿಳಿದ ಮೇಲೂ ಸ್ಥೂಲಫಲಗಳನ್ನು ಇವರು ಗ್ರಂಥದಿಂದ ಅಳಿಸಿಹಾಕಲಿಲ್ಲ. ಕೆಲಸದ ಸ್ಥಳದಲ್ಲಿ ಬಳಕೆಯಲ್ಲಿರುವ ಲೆಕ್ಕ ಯಾವುದು, ಅದು ನಿಜದಿಂದ ಎಷ್ಟು ದೂರ ಎಂಬೆರಡನ್ನೂ ಓದುವವನು ಅರಿಯುವಂತೆ ಮಾಡಿದರು. ಲೆಕ್ಕಪತ್ರಗಳ ನಡುವೆ ದಿನಗಳೆಯುವ ನನ್ನಂತಹವರಿಗೆ ಈ ಪ್ರಾಮಾಣಿಕತೆಯ ಬೆಲೆ ಸುಲಭವಾಗಿ ಮನವರಿಕೆಯಾಗುತ್ತದೆ. ಅಂದಾಜನ್ನು ಅಂದಾಜೆಂದು ಬರೆದಿಟ್ಟರೆ ಅಪಾಯವಿಲ್ಲ. ಅಂದಾಜನ್ನು ನಿಶ್ಚಿತವೆಂದು ಬರೆದರೆ ಅಪಾಯ.

ಗೋಳದ ವಿಷಯದಲ್ಲಿ ಮಹಾವೀರನೇ ಇದಕ್ಕೆ ನಿದರ್ಶನವಾಗಿದ್ದಾನೆ. ತ್ರಿಜ್ಯದ ಘನದ ಅರ್ಧವನ್ನು ಒಂಬತ್ತರಿಂದ ಗುಣಿಸಿದರೆ ಸ್ಥೂಲಫಲ. ಅದರ ಹತ್ತರಲ್ಲಿ ಒಂಬತ್ತು ಪಾಲು ಸೂಕ್ಷ್ಮಫಲವೆಂದು ಅವನ ಮತ. ಸ್ಥೂಲಸೂತ್ರವು ಅವನಿಗಿಂತ ಹಳೆಯದು. ೬೨೯ರಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದ ಮೊದಲನೆಯ ಭಾಸ್ಕರನಿಗೂ ಅದು ತಿಳಿದಿತ್ತು. ಪ್ರಾಚೀನ ಚೀನದ ‘ಒಂಬತ್ತು ಅಧ್ಯಾಯಗಳು’ ಎಂಬ ಗಣಿತಗ್ರಂಥದಲ್ಲಿಯೂ ಇದಕ್ಕೆ ಸಮನಾದ ಸೂತ್ರವಿದೆ. ಮಹಾವೀರನ ಸೂಕ್ಷ್ಮಫಲವು ನಿಜಕ್ಕಿಂತ ನೂರಕ್ಕೆ ಸುಮಾರು ೩.೩ರಷ್ಟು ಕಡಿಮೆ. ಸ್ಥೂಲಕ್ಕಿಂತ ಇದು ಹತ್ತಿರವಾದುದು ನಿಜ. ಆದರೆ ಸೂಕ್ಷ್ಮವೆಂಬ ಹೆಸರಿಗೆ ಅರ್ಹವಲ್ಲ. ನಮ್ಮ ನಾಡಿನ ಗ್ರಂಥವೆಂಬ ಅಭಿಮಾನದಿಂದ ಇದನ್ನು ಮುಚ್ಚಿಡಬೇಕಾಗಿಲ್ಲ.

೩. ಗೋಳದ ಸಿದ್ಧಿ

ಗೋಳದ ಸಮಸ್ಯೆಯನ್ನು ನಮ್ಮಲ್ಲಿ ಪೂರ್ಣವಾಗಿ ಬಿಡಿಸಿದವನು ೧೧೧೪ರಲ್ಲಿ ಜನಿಸಿದ ಎರಡನೆಯ ಭಾಸ್ಕರಾಚಾರ್ಯ. ಅವನು ತನ್ನ ಊರೆಂದು ಹೇಳುವ ವಿಜ್ಜಡವಿಡವು ನಮ್ಮ ವಿಜಯಪುರವೇ ಅಥವಾ ಮಹಾರಾಷ್ಟ್ರದ ಖಾನದೇಶದ ಕಡೆಯ ಊರೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ; ಪ್ರಸ್ತುತ ವಿಷಯಕ್ಕೆ ಆ ನಿರ್ಣಯವು ಅಗತ್ಯವಲ್ಲ. ೧೧೫೦ರಲ್ಲಿ ರಚಿತವಾದ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿ ಅವನು ಎಂಟನೆಯ ಶತಮಾನದ ಲಲ್ಲನನ್ನು ಖಂಡಿಸುತ್ತಾನೆ. ವೃತ್ತದ ಕ್ಷೇತ್ರಫಲವನ್ನು ಪರಿಧಿಯಿಂದ ಗುಣಿಸಿದರೆ ಗೋಳದ ಪೃಷ್ಠಫಲವಾಗುವುದೆಂದು ಲಲ್ಲನು ಹೇಳಿದ್ದನು. ಮೂರು ಉದ್ದಗಳ ಗುಣಾಕಾರವು ಮೇಲ್ಮೈಯ ಅಳತೆಯಾಗಲಾರದೆಂಬುದು ಇಂದಿನ ವಿದ್ಯಾರ್ಥಿಗೂ ಹೊಳೆಯುತ್ತದೆ. ಚೆಂಡನ್ನು ಸುತ್ತ ಆವರಿಸಿದ ಬಲೆಯಂತೆ ಪೃಷ್ಠಫಲವನ್ನು ಭಾವಿಸಬೇಕೆಂದು ಭಾಸ್ಕರನು ಸೂಚಿಸಿ, ಪರಿಧಿಯನ್ನು ವ್ಯಾಸದಿಂದ ಗುಣಿಸಿದರೆ ಅದು ದೊರೆಯುವುದೆಂದು ಸ್ಥಾಪಿಸಿದನು.

ತನ್ನ ಗ್ರಂಥಕ್ಕೆ ತಾನೇ ಬರೆದ ವಾಸನಾಭಾಷ್ಯದಲ್ಲಿ ಅವನು ಇದಕ್ಕೆ ಕೊಡುವ ಉಪಪತ್ತಿಯು ಅತ್ಯಂತ ಮನೋಹರವಾದುದು. ನೆಲ್ಲಿಕಾಯಿಯ ಮೇಲಿನ ಗೆರೆಗಳಂತೆ ಗೋಳದ ಮೇಲ್ಮೈಯನ್ನು ತುದಿಯಿಂದ ತುದಿಗೆ ಸೀಳಿ ಎಸಳುಗಳನ್ನಾಗಿ ವಿಭಾಗಿಸಬೇಕು. ಪರಿಧಿಯನ್ನು ೯೬ ಮಾನಗಳೆಂದು ಹಿಡಿದರೆ ೯೬ ಎಸಳುಗಳು. ಪ್ರತಿಯೊಂದರ ನಡುವಿನ ಅಗಲ ಒಂದು ಮಾನ. ಎಸಳು ನಡುವಿನಿಂದ ತುದಿಯ ಕಡೆಗೆ ಹೇಗೆ ಕಿರಿದಾಗುತ್ತದೆಂಬುದನ್ನು ೨೪ ಜ್ಯಾಗಳ ಕೋಷ್ಟಕದಿಂದ ತಿಳಿದು, ತುಂಡುತುಂಡಾಗಿ ಕೂಡಿಸಿದರೆ ಒಂದು ಎಸಳಿನ ಫಲವು ಸುಮಾರು ಮೂವತ್ತೂವರೆ ವರ್ಗಮಾನಗಳಾಗುತ್ತದೆ. ಪರಿಧಿ ೯೬ ಆಗಿರುವ ಗೋಳದ ವ್ಯಾಸವೂ ಸುಮಾರು ಮೂವತ್ತೂವರೆಯೇ! ಒಂದು ಎಸಳಿನ ಫಲವು ವ್ಯಾಸಕ್ಕೆ ಸಮ. ಎಸಳುಗಳ ಸಂಖ್ಯೆ ಪರಿಧಿಗೆ ಸಮ. ಆದುದರಿಂದ ಪೃಷ್ಠಫಲವು ಪರಿಧಿ ಮತ್ತು ವ್ಯಾಸಗಳ ಗುಣಲಬ್ಧ.

ಮುಂದೆ ಘನಫಲ. ಗೋಳದ ಮೇಲ್ಮೈಯಲ್ಲಿ ಎಷ್ಟು ವರ್ಗಮಾನಗಳಿವೆಯೋ ಅಷ್ಟು ಸೂಚಿಗಳು ಒಳಗೆ ಕೇಂದ್ರದಲ್ಲಿ ಮೊನೆ ಸೇರಿಸಿ ನಿಂತಿವೆಯೆಂದು ಭಾವಿಸಬೇಕು. ಪ್ರತಿಯೊಂದರ ಎತ್ತರವೂ ತ್ರಿಜ್ಯ. ಬ್ರಹ್ಮಗುಪ್ತನು ತಿದ್ದಿದ ಸೂತ್ರದಂತೆ ಸೂಚಿಯ ಫಲವು ತಳ ಮತ್ತು ಎತ್ತರಗಳ ಗುಣಲಬ್ಧದ ಮೂರನೆಯ ಒಂದು ಪಾಲು. ಎಲ್ಲವನ್ನೂ ಕೂಡಿಸಿದರೆ ಪೃಷ್ಠಫಲವನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಿದಷ್ಟಾಗುತ್ತದೆ. ಹೀಗೆ ಒಬ್ಬನ ತಿದ್ದುಪಡಿಯು ಐದು ಶತಮಾನಗಳ ತರುವಾಯ ಇನ್ನೊಬ್ಬನ ಸಿದ್ಧಿಗೆ ಮೆಟ್ಟಿಲಾಯಿತು.

ಲೀಲಾವತಿಯಲ್ಲಿ ಭಾಸ್ಕರನು ೭ ಮಾನ ವ್ಯಾಸವುಳ್ಳ ಗೋಳವನ್ನು ಉದಾಹರಿಸುತ್ತಾನೆ. ಆ ಒಂದೇ ಗೋಳಕ್ಕೆ ಹಿಂದಿನವರ ಸೂತ್ರಗಳನ್ನೂ ಅನ್ವಯಿಸಿ ನೋಡಿದರೆ ಆರ್ಯಭಟನಿಂದ ೨೩೮.೭೪, ಸ್ಥೂಲಸೂತ್ರದಿಂದ ೧೯೨.೯೪, ಮಹಾವೀರನ ಸೂಕ್ಷ್ಮದಿಂದ ೧೭೩.೬೪, ಭಾಸ್ಕರನಿಂದ ೧೭೯.೫೯ ದೊರೆಯುತ್ತವೆ. ಕೊನೆಯದೇ ಸರಿಯಾದುದು. ಗ್ರೀಕರ ಆರ್ಕಿಮಿಡೀಸನು ಕ್ರಿ.ಪೂ. ಮೂರನೆಯ ಶತಮಾನದಲ್ಲಿಯೇ ಈ ಫಲಗಳನ್ನು ಸಾಧಿಸಿದ್ದನು. ಆದುದರಿಂದ ಲೋಕದಲ್ಲಿ ಮೊದಲಿಗರೆಂಬ ಹೆಗ್ಗಳಿಕೆ ನಮ್ಮದಲ್ಲ. ತಮ್ಮದೇ ಜ್ಯಾಕೋಷ್ಟಕವನ್ನೂ ಸೂಚಿಯ ಸೂತ್ರವನ್ನೂ ಆಧರಿಸಿ ಕಾರಣಸಹಿತವಾಗಿ ಸತ್ಯವನ್ನು ಮುಟ್ಟಿದರೆಂಬುದಷ್ಟೇ ನಮ್ಮದು, ಅದು ಅಲ್ಪವಾದುದಲ್ಲ.

೪. ಕಣ ಮತ್ತು ಕೂಲಿ

ಇಷ್ಟು ಸೂಕ್ಷ್ಮವನ್ನು ಬಲ್ಲ ಭಾಸ್ಕರನು ಧಾನ್ಯದ ರಾಶಿಗೆ ಬಂದಾಗ ಸ್ಥೂಲವನ್ನೇ ಹಿಡಿದನು. ರಾಶಿಯ ಪರಿಧಿಯ ಆರನೆಯ ಒಂದು ಪಾಲನ್ನು ವರ್ಗಮಾಡಿ ಎತ್ತರದಿಂದ ಗುಣಿಸಬೇಕು. ಎತ್ತರವು ದಪ್ಪ ಕಾಳಿನಲ್ಲಿ ಪರಿಧಿಯ ಹತ್ತನೆಯ ಒಂದು ಪಾಲು, ಸಣ್ಣ ಕಾಳಿನಲ್ಲಿ ಹನ್ನೊಂದನೆಯ, ಮುಳ್ಳುಳ್ಳ ತೆನೆಯ ಧಾನ್ಯದಲ್ಲಿ ಒಂಬತ್ತನೆಯ ಒಂದು ಪಾಲು. ಕಾಳಿನ ಜಾತಿಗೆ ತಕ್ಕಂತೆ ರಾಶಿಯ ಇಳಿಜಾರು ಬದಲಾಗುವುದೆಂಬುದನ್ನು ಕಣವನ್ನು ಕಂಡವರೇ ಬಲ್ಲರು. ದಪ್ಪ ಕಾಳಿನ ೬೦ ಮೊಳ ಪರಿಧಿಯ ರಾಶಿಗೆ ಎತ್ತರ ೬. ಫಲ ೬೦೦ ಘನಮೊಳ, ಎಂದರೆ ೬೦೦ ಮಾಗಧ ಖಾರಿ. ಈ ಸೂತ್ರವು ಪರಿಧಿಯನ್ನು ವ್ಯಾಸದ ಮೂರರಷ್ಟೆಂದು ಹಿಡಿಯುತ್ತದೆ; ೩.೧೪೧೬ ಎಂದು ಹಿಡಿದರೆ ಫಲವು ಸುಮಾರು ೫೭೩. ಇಪ್ಪತ್ತೇಳು ಖಾರಿಗಳ ಈ ಅಂತರವು ಕಣದಲ್ಲಿ ಕೊಳಗದಿಂದ ಅಳೆದಾಗ ತಾನಾಗಿಯೇ ಬಯಲಾಗುತ್ತದೆ. ಅಳೆಯದೆ ಕಣ್ಣಂದಾಜಿನಿಂದ ಪಾಲು ನಿರ್ಣಯಿಸಿದಲ್ಲಿ ಬೆಳೆದವನ ತಲೆಯ ಮೇಲೆ ಬೀಳುತ್ತದೆ.

ಕ್ರಕಚವ್ಯವಹಾರದಲ್ಲಿ, ಎಂದರೆ ಗರಗಸದ ಲೆಕ್ಕದಲ್ಲಿ, ಅಳೆಯುವುದು ಘನಫಲವನ್ನಲ್ಲ, ಕೊಯ್ದ ಮುಖದ ಕ್ಷೇತ್ರಫಲವನ್ನು. ಮರ ಕೊಯ್ಯುವವನ ಶ್ರಮವು ದಿಮ್ಮಿಯ ಗಾತ್ರವನ್ನಲ್ಲ, ಗರಗಸವು ಹಾದ ಮೈಯನ್ನು ಅನುಸರಿಸುತ್ತದೆ. ಬುಡದಲ್ಲಿ ೨೦, ತುದಿಯಲ್ಲಿ ೧೬ ಅಂಗುಲ ದಪ್ಪವೂ ೧೦೦ ಅಂಗುಲ ಉದ್ದವೂ ಇರುವ ದಿಮ್ಮಿಯಲ್ಲಿ ನಾಲ್ಕು ಸೀಳುಗಳಿಗೆ ೭೨೦೦ ವರ್ಗಾಂಗುಲ. ಮೊಳಕ್ಕೆ ೨೪ ಅಂಗುಲದಂತೆ ೫೭೬ರಿಂದ ಭಾಗಿಸಲು ಹನ್ನೆರಡೂವರೆ ಚದರಮೊಳ. ಯಾವ ಕೆಲಸಕ್ಕೆ ಯಾವ ಅಳತೆ ನ್ಯಾಯವೆಂಬ ವಿವೇಚನೆಯು ಇಲ್ಲಿ ಎದ್ದುಕಾಣುತ್ತದೆ. ಅಷ್ಟಕ್ಕೇ ನಿಲ್ಲದೆ ಭಾಸ್ಕರನು, ಇಟ್ಟಿಗೆ, ಕಲ್ಲು, ಅಗೆತ, ಕೊಯ್ತ ಇವುಗಳ ಬೆಲೆಯನ್ನು ವಸ್ತುವಿನ ಮೃದುತ್ವ ಕಾಠಿಣ್ಯಗಳಿಗೆ ಅನುಸಾರವಾಗಿ ಕೆಲಸಗಾರರ ಸಮ್ಮತಿಯಿಂದ ಗೊತ್ತುಮಾಡಬೇಕೆಂದೂ ಹೇಳಿದ್ದಾನೆ. ಗಣಿತವು ಎಲ್ಲಿ ಮುಗಿದು ಒಪ್ಪಂದವು ಎಲ್ಲಿ ಮೊದಲಾಗಬೇಕೆಂಬುದನ್ನು ಅವನು ಅರಿತಿದ್ದನು.

ಹನ್ನೆರಡನೆಯ ಶತಮಾನದವನೆಂದು ಸಾಮಾನ್ಯವಾಗಿ ಎಣಿಸಲಾಗುವ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳಿಂದ ಈ ವಿದ್ಯೆಯನ್ನು ಕನ್ನಡದ ಮಾತಿಗೆ ಇಳಿಸಿದನು. ಅವನು ಕನ್ನಡದ ಮೊದಲ ಗಣಿತಕಾರನೆಂಬ ಕೀರ್ತಿಯನ್ನು ನಾವು ಉತ್ಸಾಹದಿಂದ ನೆನೆಯುತ್ತೇವೆ. ಅವನ ಸೂತ್ರಗಳನ್ನು ಒಂದೊಂದಾಗಿ ಲೆಕ್ಕ ಹಾಕಿ, ಸ್ಥೂಲವಾವುದು ಸೂಕ್ಷ್ಮವಾವುದೆಂದು ಬೇರ್ಪಡಿಸುವ ಕೆಲಸಕ್ಕೆ ಅಷ್ಟು ಉತ್ಸಾಹವಿಲ್ಲ. ನಾಡಿನಿಂದ ದೂರವಿರುವ ನಮಗೆ ನಾಡಿನ ಹಿರಿಮೆಯನ್ನು ದೊಡ್ಡದಾಗಿ ಹೇಳುವ ಪ್ರಲೋಭನೆ ಸಹಜವಾದುದು. ಆದರೆ ಬ್ರಹ್ಮಗುಪ್ತ, ಭಾಸ್ಕರರು ತಮ್ಮ ಹಿರಿಯರಿಗೆ ಸಲ್ಲಿಸಿದ ಗೌರವವು ಬೇರೆ ಬಗೆಯದಾಗಿತ್ತು. ಅವರು ಹಿರಿಯರ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿದರು. ತಾಳೆಯಾದುದನ್ನು ಉಳಿಸಿಕೊಂಡರು, ತಾಳೆಯಾಗದುದನ್ನು ತಿದ್ದಿದರು. ರಾಜಾದಿತ್ಯನಿಗೂ ಮಹಾವೀರನಿಗೂ ನಾವು ಸಲ್ಲಿಸಬೇಕಾದ ಗೌರವವು ಇದಕ್ಕಿಂತ ಬೇರೆಯಾಗಿರಬೇಕಾಗಿಲ್ಲ.